ಮೊಟ್ಟೆ ತೇಲಿದ ನೀರಲ್ಲಿ ಒಂದು ಹಾಯಿದೋಣಿ

ನಾನು ಸಮುದ್ರವನ್ನು ಮೊದಲ ಸಲ ನೋಡಿದ್ದು ನಿವೃತ್ತಿಯಾಗಿ ಎರಡು ತಿಂಗಳಾದ ಮೇಲೆ, ಕಾರವಾರದಲ್ಲಿ. ಅಷ್ಟು ಹೊತ್ತಿಗೆ ಮೂವತ್ತಾರು ವರ್ಷ ಹಾಯಿದೋಣಿ ಕಟ್ಟಿ ಮುಗಿಸಿದ್ದೆ. ದಂಡೆಗೆ ಹೋದವಳೇ ಅಂಗೈಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಜೊತೆಗೆ ಬಂದಿದ್ದ ತಂಗಿಯ ಮಗಳು "ಏನ್ ದೊಡ್ಡವ್ವಾ, ಎಲ್ಲಾರೂ ಫೋಟೋ ಹೊಡಕೊಳ್ತಾರ, ನೀ ನೀರು ನೆಕ್ತಿ" ಅಂದಳು. ಅವಳಿಗೆ ಆಗ ಕಾರಣ ಹೇಳಲಿಲ್ಲ. ಹೇಳಬೇಕಾದರೆ ಮೌನಪ್ಪ ಮೇಸ್ತ್ರಿಯಿಂದ ಶುರು ಮಾಡಬೇಕಾಗುತ್ತದೆ.

ನಮ್ಮ ಕಾರ್ಖಾನೆಗೆ ಈಗ ಹೊಸದಾಗಿ ಸೇರಿರುವವರು ಆಗಾಗ ಫೋನು ಮಾಡಿ ಕೆಲಸದ ಬಗ್ಗೆ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ನನ್ನನ್ನು ಸೂಪರ್‌ವೈಸರ್ ಮಾಡಿದರು, ಯಾವಾಗ ಸಂಬಳ ಏರಿತು ಎನ್ನುವುದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ. ಎಲ್ಲಿ ಎಡವಿದೆವು ಅನ್ನುವುದು ಗೊತ್ತಿದ್ದರೆ ಉಪಯೋಗಕ್ಕೆ ಬರಬಹುದು.

ನನ್ನ ಹೆಸರು ಹುಲಿಗೆಮ್ಮ, ಬಿ.ಎಸ್ಸಿ. ಹೆಸರಿನ ಮುಂದಿನ ಆ ಮೂರು ಅಕ್ಷರವನ್ನು ನಾನು ಎಲ್ಲಿಯೂ ಬಿಡುವುದಿಲ್ಲ, ಗ್ಯಾಸಿನ ಪುಸ್ತಕದಲ್ಲಿಯೂ ಬರೆಸಿದ್ದೇನೆ. ಸಿರುಗುಪ್ಪದ ನಮ್ಮ ಓಣಿಯಲ್ಲಿ, ನಮ್ಮ ಮನೆತನದಲ್ಲಿ, ನನಗಿಂತ ಮುಂಚೆ ಡಿಗ್ರಿ ಓದಿದವರು ಯಾರೂ ಇರಲಿಲ್ಲ. ಅವ್ವ ದುರುಗಮ್ಮ ರೈಸ್ ಮಿಲ್ಲಿನ ಕಣದಲ್ಲಿ ಕುದಿಸಿದ ಭತ್ತವನ್ನು ಕಾಲಿನಿಂದ ಹರವುತ್ತಿದ್ದಳು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನಡೆದೂ ನಡೆದೂ ಅವಳ ಅಂಗಾಲು ಚರ್ಮದಂತಿರಲಿಲ್ಲ, ಹಳೆಯ ಟೈರಿನಂತಿತ್ತು. ಆ ಕಾಲಿನ ಮೇಲೆ ನಾನು ಬಳ್ಳಾರಿಯಲ್ಲಿ ಫಿಸಿಕ್ಸ್ ಓದಿದೆ.

ಓದಿ ಒಂದು ವರ್ಷ ಮನೆಯಲ್ಲಿ ಕೂತೆ. ಆಮೇಲೆ ಸಿಕ್ಕ ಕೆಲಸ ಇದು. ಬಳ್ಳಾರಿಯ ಹೊರವಲಯದಲ್ಲಿ ತಗಡಿನ ಶೆಡ್ಡು, ಎಡಕ್ಕೆ ಜೀನ್ಸ್ ಹೊಲಿಯುವವರು, ಬಲಕ್ಕೆ ಜೀನ್ಸ್ ತೊಳೆಯುವವರು. ನಡುವಿನ ಶೆಡ್ಡಿನಲ್ಲಿ ಹಳೆಯ ಕಾಲದ ಹಾಯಿದೋಣಿಗಳ ಚಿಕ್ಕ ಮಾದರಿ ಮಾಡುತ್ತಿದ್ದರು. ಮೀನು ಹಿಡಿಯುವ ದೋಣಿಗಳಲ್ಲ. ಹಿಂದೆ ಸಾಹುಕಾರರು, ದೊರೆಗಳು ಮೋಜಿಗೆ, ಪಂದ್ಯಕ್ಕೆ ಇಟ್ಟುಕೊಳ್ಳುತ್ತಿದ್ದ ಉದ್ದ ಮೂಗಿನ ಚೆಲುವಾದ ದೋಣಿಗಳು, ಯಾಟ್ ಅನ್ನುತ್ತಾರಲ್ಲ, ಅವು. ನಿಜವಾದ ದೋಣಿಯ ಹನ್ನೆರಡು ಅಂಗುಲ ನಮ್ಮಲ್ಲಿ ಒಂದು ಅಂಗುಲ. ನಮ್ಮ ಧಣಿ ಚನ್ನಬಸಪ್ಪನವರದ್ದು ಮೂಲತಃ ಕಟ್ಟಿಗೆ ಅಡ್ಡೆ. ಮುಂಬೈಯ ವ್ಯಾಪಾರಿಯೊಬ್ಬ ಮುರಿದ ಮಾದರಿಯೊಂದನ್ನು ರಿಪೇರಿಗೆ ಕಳಿಸಿದ್ದನಂತೆ. ಕುರುಗೋಡಿನ ಮೌನಪ್ಪ ಮೇಸ್ತ್ರಿ ಅದನ್ನು ಬಿಚ್ಚಿ, ನೋಡಿ, ಮುರಿದದ್ದನ್ನು ಕಟ್ಟುವುದರ ಜೊತೆಗೆ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಮಾಡಿಟ್ಟುಬಿಟ್ಟ. ಕಾರ್ಖಾನೆ ಅಲ್ಲಿಂದ ಶುರು.

ಸಮುದ್ರದಿಂದ ಇಷ್ಟು ದೂರ ಇರುವ ನಮ್ಮ ಊರಲ್ಲಿ ಸಮುದ್ರದ ದೋಣಿ ಮಾಡುವುದು ಹೇಗೆ ಅಂತ ನೀವು ಕೇಳಬಹುದು. ಪ್ಲಾನು ನೋಡಿ ಮಾಡುವುದು, ಅಷ್ಟೇ. ಆ ಪ್ಲಾನುಗಳನ್ನು ಓದಲಿಕ್ಕೇ ನನ್ನನ್ನು ಇಟ್ಟುಕೊಂಡಿದ್ದು. ಈಗ ನಿಮ್ಮಲ್ಲಿ ಕಂಪ್ಯೂಟರ್ ಇದೆ, ಲೇಸರ್ ಯಂತ್ರ ದೋಣಿಯ ಪಕ್ಕೆಲುಬುಗಳನ್ನು ಹಪ್ಪಳ ಕತ್ತರಿಸಿದ ಹಾಗೆ ಕತ್ತರಿಸಿ ಉದುರಿಸುತ್ತದೆ. ಆಗ ನಾನು ಒಂದೊಂದು ಪಕ್ಕೆಲುಬನ್ನೂ ರಟ್ಟಿನ ಮೇಲೆ ಬರೆದು ಕೊಡುತ್ತಿದ್ದೆ, ಮೇಸ್ತ್ರಿ ಕೈಗರಗಸದಲ್ಲಿ ಕೊಯ್ಯುತ್ತಿದ್ದ. ಬೆನ್ನೆಲುಬಿಗೆ ಪಕ್ಕೆಲುಬು ಕೂರಿಸಿ, ಅದರ ಮೇಲೆ ಎರಡು ಬೆಂಕಿಕಡ್ಡಿ ದಪ್ಪದ ಸಾಗವಾನಿ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ ಬಗ್ಗಿಸಿ ಹೊದಿಸುವುದು. ಪಟ್ಟಿ ಬಗ್ಗುವಾಗ ಮೇಸ್ತ್ರಿ ಉಸಿರು ಹಿಡಿಯುತ್ತಿದ್ದ. ಅವನ ಜೊತೆ ನಾನೂ ಹಿಡಿಯುತ್ತಿದ್ದೆ.

ಮೊದಲ ವರ್ಷ ನಾನು ಎಲ್ಲದಕ್ಕೂ ಯಾಕೆ ಅನ್ನುತ್ತಿದ್ದೆ. ಮೂಗು ಯಾಕೆ ಇಷ್ಟು ಉದ್ದ? ಹೊಟ್ಟೆಯ ಕೆಳಗೆ ಸೀಸ ಯಾಕೆ? ಮೇಸ್ತ್ರಿ ಮೊದಮೊದಲು ರೇಗಿದ. "ಯಾಕ ಅಂತ ಕೇಳಿದ್ರ ನಾ ಏನ್ ಹೇಳ್ಲಿ ತಂಗೀ? ಕಾಗದದಾಗ ಹಂಗೈತಿ, ಮಾಡ್ತೀನಿ. ನೀ ಬಿಯೆಸ್ಸಿ, ನೀನ ಹೇಳು." ಅವತ್ತಿನಿಂದ ನನಗೆ ಅವನು ಬಿಯೆಸ್ಸಿ ಅಂತಲೇ ಹೆಸರಿಟ್ಟ. ನಾನು ಹಳೆಯ ಪುಸ್ತಕ ತೆಗೆದು ನೋಡಿ ಬಂದು ಹೇಳುತ್ತಿದ್ದೆ. ಕೆಲವಕ್ಕೆ ಉತ್ತರ ಸಿಕ್ಕಿತು. ಕೆಲವಕ್ಕೆ ಇವತ್ತಿಗೂ ಸಿಕ್ಕಿಲ್ಲ.

ಹಾಯಿಯ ಕಥೆ ಹೇಳುತ್ತೇನೆ. ಹಾಯಿ ಹೊಲಿಯಲು ಪಕ್ಕದ ಶೆಡ್ಡಿನ ಶಂಶಾದಬಿಗೆ ಕೊಟ್ಟೆವು. ಅವಳು ಜೀನ್ಸ್ ಹೊಲಿಯುವುದರಲ್ಲಿ ಎತ್ತಿದ ಕೈ. ಮೂರು ದಿನದ ಮೇಲೆ ಹಾಯಿ ಬಂತು. ಪಟ್ಟಿ ಪಟ್ಟಿಗೂ ಜೋಡಿ ಹೊಲಿಗೆ, ಮೂಲೆ ಮೂಲೆಗೂ ಅಡ್ಡ ಬಿಗಿತ, ಎಲ್ಲಾ ಕಿತ್ತಳೆ ದಾರದಲ್ಲಿ. ಹಾಯಿ ತಗಡಿನ ಹಾಗೆ ನಿಂತಿತು, ಗಾಳಿಗೆ ಉಬ್ಬುವ ಮಾತೇ ಇಲ್ಲ. "ಇದು ಪ್ಯಾಂಟ್ ಅಲ್ಲಕ್ಕಾ" ಅಂದೆ. "ಹರಿಯಂಗಿಲ್ಲ ನೋಡು, ಗ್ಯಾರಂಟಿ" ಅಂದಳು. ಅವಳಿಗೆ ಸೂಜಿಯ ನಂಬರು ಬದಲಾಯಿಸಿ, ಅಂಗುಲಕ್ಕೆ ಇಷ್ಟೇ ಹೊಲಿಗೆ ಅಂತ ಕಲಿಸುವಷ್ಟರಲ್ಲಿ ಎರಡು ಥಾನು ಮಲ್‌ಮಲ್ ಬಟ್ಟೆ ಹೋಯಿತು. ಕಲಿತ ಮೇಲೆ ಅವಳಂಥ ಹಾಯಿ ಯಾರೂ ಹೊಲಿಯಲಿಲ್ಲ.

ಆಮೇಲೆ ಬಾವುಟ. ದೋಣಿಯ ಕಂಬದ ತುದಿಗೆ ಒಂದು ಸಣ್ಣ ಬಾವುಟ ಇರುತ್ತದೆ. ನಾವು ಅದಕ್ಕೆ ಗಂಜಿ ಹಾಕಿ, ಹಿಂದಕ್ಕೆ ಹಾರುವ ಹಾಗೆ ಒಣಗಿಸುತ್ತಿದ್ದೆವು. ಜೀಪಿನ ಮೇಲಿನ ಬಾವುಟ ಹಿಂದಕ್ಕೆ ತಾನೇ ಹಾರುವುದು? ಒಂದು ದಿನ ಮುಂಬೈಯಿಂದ ಕಾಗದ ಬಂತು. ಹಾಯಿಗಳು ಮುಂದಕ್ಕೆ ಉಬ್ಬಿವೆ, ಬಾವುಟ ಹಿಂದಕ್ಕೆ ಹಾರುತ್ತಿದೆ, ನಿಮ್ಮ ಊರಲ್ಲಿ ಒಂದೇ ಹೊತ್ತಿಗೆ ಎರಡು ಗಾಳಿ ಬೀಸುತ್ತವೆಯೇ ಎಂದು ಕೇಳಿದ್ದರು. ಧಣಿ ಕಾಗದ ನನ್ನ ಮುಂದೆ ಹಿಡಿದರು. ನನಗೆ ತಲೆ ಓಡಲಿಲ್ಲ. ಭಾನುವಾರ ಸಿರುಗುಪ್ಪಕ್ಕೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಮೊರ ಎತ್ತಿ ಭತ್ತ ತೂರುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಹೊಟ್ಟು ಯಾಕಡಿ ಹೊಂಟೈತಿ?"

"ಗಾಳಿ ಹೋದ ಕಡಿ."

"ನಿನ್ನ ದೋಣಿನ ತಳ್ಳೂದು ಯಾವ್ದು?"

"ಗಾಳಿ."

"ಮತ್ತ ಬಟ್ಟಿ ಏನ್ ಗಾಳಿಗೆ ಎದುರು ಹೋಗ್ತತೇನು? ಎಂಥಾ ಸಾಲಿ ಕಲಿಸಿದ್ನವ್ವಾ ನಿನ್ಗ."

ಜೀಪು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ದೋಣಿ ಗಾಳಿಯ ಜೊತೆಗೆ ಹೋಗುತ್ತದೆ. ಗಾಳಿ ಬೆನ್ನಿಗಿದ್ದರೆ ಬಾವುಟ ಮುಂದಕ್ಕೇ ಹಾರಬೇಕು. ಮೂರು ವರ್ಷ ಪುಸ್ತಕದಲ್ಲಿ ವೇಗ, ದಿಕ್ಕು ಅಂತ ಓದಿದ್ದು ಅವ್ವನ ಮೊರದ ಮುಂದೆ ಬಗೆಹರಿಯಿತು. ಅವತ್ತಿನಿಂದ ಅವ್ವ ಏನು ಹೇಳಿದರೂ ಒಂದು ಸಲ ನಿಂತು ಕೇಳುವ ರೂಢಿ ಆಯಿತು. ಇದು ಒಳ್ಳೆಯದೇ. ಆದರೆ ಈ ರೂಢಿಯೇ ಒಂದು ಸಲ ಮೌನಪ್ಪ ಮೇಸ್ತ್ರಿಗೆ ಮುಳುವಾಗುವುದರಲ್ಲಿತ್ತು.

ಮೇಸ್ತ್ರಿಯ ಮನೆಯವರು ಎತ್ತಿನ ಗಾಡಿಯ ಗಾಲಿ ಮಾಡುತ್ತಿದ್ದವರು. ಗಾಲಿಯ ನಡುವಿನ ಗುಂಭದ ಮೇಲೆ ಕಾಯಿಸಿದ ಕಬ್ಬಿಣದಿಂದ ಅವರದ್ದೇ ಒಂದು ಗುರುತು ಒತ್ತುತ್ತಿದ್ದರಂತೆ. "ನಮ್ಮಪ್ಪನ ಗಾಲಿ ಕಂಡ್ರ ನಾಕೂರಾಗ ಗುರುತು ಹಿಡಿತಿದ್ರು. ನನ್ನ ದೋಣಿ ಎಲ್ಲಿಗಿ ಹೋಗ್ತಾವು, ಯಾರ ಮನ್ಯಾಗ ಕುಂದುರ್ತಾವು, ಮಾಡಿದಾವ ಯಾರಂತ ಯಾರರ ಕೇಳ್ತಾರೋ ಇಲ್ಲೋ, ಆ ಶಿವಗ ಗೊತ್ತು" ಅನ್ನುತ್ತಿದ್ದ. ನಮ್ಮ ಪ್ರತಿ ದೋಣಿಯ ಪೀಠಕ್ಕೂ ಒಂದು ಹಿತ್ತಾಳೆ ಫಲಕ ಹಾಕುತ್ತಿದ್ದೆವು. ಅದರಲ್ಲಿ ದೋಣಿಯ ಹೆಸರು, ಕೆಳಗೆ ಕಾರ್ಖಾನೆಯ ಹೆಸರು. ಫಲಕಕ್ಕೆ ಮೊಳೆ ಹೊಡೆಯುತ್ತಿದ್ದವನು ಮೇಸ್ತ್ರಿಯೇ. ಅವನ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಒಂದೆರಡು ಸಲ ಧಣಿಯನ್ನು ಕೇಳಿದ್ದನಂತೆ. "ಇವತ್ತು ನಿಂದು ಹಾಕಿದ್ರ ನಾಳೆ ಬಣ್ಣ ಬಳಿಯಾವ ಕೇಳ್ತಾನ" ಅಂದು ಧಣಿ ಮುಗಿಸಿದ್ದರು.

ಹೀಗಿರುವಾಗ ಮುಂಬೈಯಿಂದ ದಾರಾ ಸಾಹೇಬರು ಬಂದರು. ಎಂಬತ್ತರ ಹತ್ತಿರದ ಪಾರ್ಸಿ ಮುದುಕರು, ಕೋಲು ಹಿಡಿದು ನಡೆಯುವವರು. ಅವರ ತಂದೆಯ ಹತ್ತಿರ ಒಂದು ಹಾಯಿದೋಣಿ ಇತ್ತು, ಅದನ್ನು ಯಾವಾಗಲೋ ಒಡೆದು ಕಟ್ಟಿಗೆಗೆ ಮಾರಿದ್ದರು. ಬಟ್ಟೆಯ ಮೇಲೆ ಬರೆದ ಅದರ ಪ್ಲಾನು ಮಾತ್ರ ಉಳಿದಿತ್ತು. ಅವರಿಗೆ ಬೇಕಾದದ್ದು ಶೋಕೇಸಿನಲ್ಲಿ ಇಡುವ ಮಾದರಿ ಅಲ್ಲ. ತೇಲಬೇಕು. ಅವರ ಮನೆ ಸಮುದ್ರದ ಪಕ್ಕದಲ್ಲಿತ್ತು, ಸಮುದ್ರ ಏರಿದಾಗ ಭರತದ ನೀರು ಬಂದು ನಿಲ್ಲುವ ಸಣ್ಣ ಕೊಳ ಇತ್ತು. ಅಪ್ಪನ ದೋಣಿ ಆ ನೀರಲ್ಲಿ ಒಂದು ಸಲ ನಿಂತದ್ದನ್ನು ನೋಡಬೇಕು ಅನ್ನುವುದು ಅವರ ಆಸೆ.

ದೋಣಿಯ ಹೊಟ್ಟೆಯ ಸುತ್ತ ಒಂದು ಕೆಂಪು ಗೆರೆ ಇರುತ್ತದೆ. ನೀರು ಸರಿಯಾಗಿ ಅಲ್ಲಿಗೆ ಬರಬೇಕು. ಮೇಲೆ ಬಂದರೆ ದೋಣಿ ಭಾರ, ಕೆಳಗೆ ಉಳಿದರೆ ಹಗುರ. ದಾರಾ ಸಾಹೇಬರು ಆ ಗೆರೆಯ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಹೇಳಿದರು: ದೋಣಿ ಕಟ್ಟಿದವನ ಹೆಸರು ದೋಣಿಯ ಮೇಲೆ ಇರುವುದು ನಮ್ಮಲ್ಲಿನ ಪದ್ಧತಿ. ಇದು ಈ ಗೆರೆಯ ಮೇಲೆ ಕೂತರೆ, ಫಲಕದಲ್ಲಿ ಕಟ್ಟಿದವನ ಹೆಸರೇ ಇರಲಿ. ಕೂರದಿದ್ದರೆ ಫಲಕವೇ ಬೇಡ, ದೋಣಿಯೂ ಬೇಡ. ಧಣಿ ನಕ್ಕು ತಲೆಯಾಡಿಸಿದರು. ಮೇಸ್ತ್ರಿ ನನ್ನ ಕಡೆ ತಿರುಗಿ "ಏನಂದ್ರು?" ಅಂತ ಕೇಳಿದ. ಅವನಿಗೆ ಹಿಂದಿ ಚೆನ್ನಾಗಿ ಗೊತ್ತಿತ್ತು. ಇನ್ನೊಬ್ಬರ ಬಾಯಿಂದ ಇನ್ನೊಮ್ಮೆ ಕೇಳಬೇಕಾಗಿತ್ತು ಅಷ್ಟೇ.

ಏಳು ತಿಂಗಳು ಕಟ್ಟಿದ. ಕುರುಗೋಡಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಫಲಕವನ್ನು ಧಣಿ ಮೊದಲೇ ಕೆತ್ತಿಸಿ ತಂದು ಮೇಜಿನ ಖಾನೆಯಲ್ಲಿಟ್ಟಿದ್ದರು. ಮೇಸ್ತ್ರಿ ಅದನ್ನು ಕೇಳಿ ನೋಡಲಿಲ್ಲ. ಆದರೆ ಆ ಖಾನೆಯ ಮುಂದೆ ಹೋಗುವಾಗ ಮಾತ್ರ ಅವನ ನಡಿಗೆ ಒಂದಿಷ್ಟು ನಿಧಾನ ಆಗುತ್ತಿತ್ತು.

ತೇಲಿಸಿ ನೋಡಿ ಸೀಸ ತುಂಬುವ ಹೊತ್ತು ಬಂತು. ಎಲ್ಲಿ ತೇಲಿಸುವುದು? ಕಾಲುವೆಯ ನೀರು ಓಡುತ್ತದೆ. ಅವ್ವನ ಮಿಲ್ಲಿನಲ್ಲಿ ಹಿಂದೆ ಭತ್ತ ನೆನೆಸುತ್ತಿದ್ದ ಒಂದು ಸಣ್ಣ ಸಿಮೆಂಟಿನ ತೊಟ್ಟಿ ಪಾಳು ಬಿದ್ದಿತ್ತು. ಮಿಲ್ಲಿನವರನ್ನು ಅವ್ವನೇ ಕೇಳಿ ಒಪ್ಪಿಸಿದಳು. ತೊಟ್ಟಿ ತೊಳೆದು ನೀರು ತುಂಬಿಸಿದೆವು. ನಾನು ಅಲ್ಲಿ ನನ್ನ ಓದು ತೆಗೆದೆ. "ಸಮುದ್ರದ ನೀರು ಸಿಹಿನೀರಿಗಿಂತ ಭಾರ. ಇದರಾಗ ಗೆರಿ ಮ್ಯಾಲೆ ಕುಂತ್ರ ಅಲ್ಲಿ ಗೆರಿ ನೀರಿಗಿಂತ ಮ್ಯಾಲೆ ಎದ್ದು ಕಾಣ್ತತಿ. ಉಪ್ಪು ಹಾಕಬೇಕು." ತೊಟ್ಟಿಯ ಉದ್ದ, ಅಗಲ, ಆಳ ಅಳೆದೆ. ಲೀಟರಿಗೆ ಮೂವತ್ತೈದು ಗ್ರಾಂ ಎಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಒಂದು ಚೀಲಕ್ಕಿಂತ ಸ್ವಲ್ಪ ಕಡಿಮೆ ಬಂತು. ಉಪ್ಪು ಸುರಿದು ಭತ್ತ ಕೈಯಾಡಿಸುವ ಹಲಗೆಯಿಂದ ಕಲಕಿದೆವು.

ಅವ್ವ ತೊಟ್ಟಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು ಮನೆಗೆ ಹೋಗಿ ಒಂದು ಕೋಳಿಮೊಟ್ಟೆ ತಂದಳು. ಬಿತ್ತನೆಯ ಭತ್ತ ಆರಿಸುವಾಗ ನಮ್ಮ ಕಡೆ ಹಾಗೆಯೇ ಮಾಡುವುದು. ನೀರಿಗೆ ಉಪ್ಪು ಹಾಕುತ್ತಾ ಹೋಗಬೇಕು, ಮೊಟ್ಟೆ ತೇಲಿದರೆ ಉಪ್ಪು ಸಾಕು ಅಂತ ಅರ್ಥ. ಆ ನೀರಿಗೆ ಭತ್ತ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕಾಳು ಕೆಳಗೆ ಇಳಿಯುತ್ತದೆ. ಅವ್ವ ಮೊಟ್ಟೆ ಬಿಟ್ಟಳು. ಅದು ಸೀದಾ ತಳಕ್ಕೆ ಹೋಗಿ ಕೂತಿತು.

"ಇದು ಉಪ್ಪು ನೀರಾತೇನು? ಸಪ್ಪಗೈತಿ" ಅಂದಳು ಅವ್ವ.

"ಯವ್ವಾ, ಲೆಕ್ಕ ಮಾಡಿ ಹಾಕೀನಿ."

"ನಮ್ಮ ಸಸಿಮಡಿಗಿ ಬೇಕಾದಷ್ಟು ಉಪ್ಪು ನಿನ್ನ ಸಮುದ್ರದಾಗಿಲ್ಲೇನು? ಸಮುದ್ರದಾಗ ಮನುಷ್ಯಾರ ತೇಲ್ತಾರಂತ. ಮೊಟ್ಟಿ ತೇಲಂಗಿಲ್ಲೇನು?"

ಮಿಲ್ಲಿನ ಹೆಂಗಸರು ನಕ್ಕರು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ನೋಟ್‌ಬುಕ್ಕು ನೋಡಿದೆ. ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೆ ಅಲ್ಲಿದ್ದ ಯಾರೂ ಸಮುದ್ರ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಬಾವುಟದ ವಿಷಯದಲ್ಲಿ ಅವ್ವ ಹೇಳಿದ್ದು ನಿಜವಾಗಿತ್ತು. ತಳದಲ್ಲಿ ಕೂತ ಆ ಬಿಳಿ ಮೊಟ್ಟೆ ನನ್ನನ್ನೇ ನೋಡಿದ ಹಾಗೆ ಆಯಿತು. "ತೊಟ್ಟಿ ಅಳತಿ ತಪ್ಪಿರಬೇಕು" ಅಂದೆ. ಇನ್ನೂ ಎರಡು ಚೀಲ ಉಪ್ಪು ಸುರಿದೆವು. ಮೊಟ್ಟೆ ಮೆಲ್ಲಗೆ ಎದ್ದು, ಒಂದು ರೂಪಾಯಿಯಷ್ಟು ಬೋಳುತಲೆ ನೀರಿನ ಮೇಲೆ ತೋರಿಸಿತು. ಅವ್ವ ಕೈ ಒರೆಸಿಕೊಂಡು ಕೆಲಸಕ್ಕೆ ಹೋದಳು. ಆ ನೀರಲ್ಲಿ ನಾನು ಹೇಳಿದ ತೂಕಕ್ಕೆ ಮೇಸ್ತ್ರಿ ಸೀಸ ಕರಗಿಸಿ ಹೊಟ್ಟೆಯ ಕೆಳಗಿನ ಪೊಳ್ಳಿಗೆ ಎರೆದು, ಮುಚ್ಚಿ, ಬಣ್ಣ ಬಳಿದ. ದೋಣಿ ಕೆಂಪು ಗೆರೆಯ ಮೇಲೆ ಸರಿಯಾಗಿ ಕೂತಿತು.

ದಾರಾ ಸಾಹೇಬರು ನೋಡಲು ಬಂದರು. ಶನಿವಾರ, ಧಣಿಯ ಕಾರಿನಲ್ಲಿ ಸಿರುಗುಪ್ಪಕ್ಕೆ ಕರೆತಂದೆವು. ತೊಟ್ಟಿಯ ಪಕ್ಕ ಅವರಿಗೆ ಕುರ್ಚಿ ಹಾಕಿದ್ದೆವು, ಕೂರಲಿಲ್ಲ. ಮೇಸ್ತ್ರಿ ದೋಣಿಯನ್ನು ನೀರಿಗೆ ಇಳಿಸಿದ. ಗೆರೆ ನೀರಿನ ಅಂಚಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮಿಲ್ಲಿನ ಅಂಗಳದ ಗಾಳಿಗೆ ಹಾಯಿ ಉಬ್ಬಿ ದೋಣಿ ತೊಟ್ಟಿಯ ಆಚೆ ಗೋಡೆಗೆ ಹೋಗಿ ಮೂಗು ತಾಗಿಸಿತು. ಸಾಹೇಬರು ಕೋಲೂರಿಕೊಂಡು ಆ ಗೋಡೆಯ ತನಕ ಹೋದರು. ಆಮೇಲೆ ಬಗ್ಗಿ ದೋಣಿಯನ್ನು ತಮ್ಮ ಕಡೆ ಎಳೆದುಕೊಂಡರು. ಕೈ ಒದ್ದೆಯಾಯಿತು. ಬೆರಳನ್ನು ಹಾಗೇ ತುಟಿಗೆ ತಂದರು.

"ಯೆ ಸಮಂದರ್ ನಹೀ ಹೈ" ಅಂದರು. "ಯೆ ಅಚಾರ್ ಕಾ ಪಾನೀ ಹೈ."

ಸಮುದ್ರವಲ್ಲ, ಉಪ್ಪಿನಕಾಯಿ ನೀರು. ಎಪ್ಪತ್ತು ವರ್ಷ ಸಮುದ್ರದಲ್ಲಿ ಮುಳುಗೆದ್ದ ಬಾಯಿ ಅದು. ಅವರು ಸಿಟ್ಟಾಗಲಿಲ್ಲ. ಇದರಲ್ಲಿ ಗೆರೆಯ ಮೇಲೆ ಕೂತಿದ್ದರೆ ನನ್ನ ಮನೆಯ ಕೊಳದ ನೀರಿನಲ್ಲಿ ಗೆರೆ ಮುಳುಗಿ ಕೂರುತ್ತದೆ, ತುಂಬಿದ ಸರಕು ದೋಣಿಯ ಹಾಗೆ ಕಾಣುತ್ತದೆ ಎಂದು ಸಮಾಧಾನದಿಂದ ಹೇಳಿದರು. ಎರಡು ದಿನ ಹಂಪಿ ನೋಡಿಕೊಂಡು ಹೋಗುತ್ತೇನೆ, ದೋಣಿ ಬೇಡ ಎಂದರು.

ಧಣಿ ಮೇಸ್ತ್ರಿಯ ಕಡೆ ತಿರುಗಿದರು. "ಸೀಸ ಯಾರು ಎರೆದಿದ್ದು?"

"ನಾನ ರಿ."

"ಮತ್ತ? ಹೆಸರು ಹಾಕಸ್ಕೊಳ್ಳಾಕ ಹೊಂಟಿದ್ದಿ."

ಮೇಸ್ತ್ರಿ ತಲೆ ತಗ್ಗಿಸಿ ದೋಣಿಯ ನೀರು ಒರೆಸತೊಡಗಿದ. ನಾನು ಅಲ್ಲೇ ಇದ್ದೆ. ನೋಟ್‌ಬುಕ್ಕು ನನ್ನ ಚೀಲದಲ್ಲಿತ್ತು. ನಾನು ಮಾತಾಡಲಿಲ್ಲ. ಇದನ್ನು ಬರೆಯುವಾಗ ಸುತ್ತಿ ಬಳಸಿ ಹೇಳಬಹುದಿತ್ತು, ಆದರೆ ನಡೆದದ್ದು ಇಷ್ಟೇ: ಬಿ.ಎಸ್ಸಿ. ಓದಿದವಳು ಮೊಟ್ಟೆ ನಂಬಿದಳು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಕಾರಿನಲ್ಲಿ ತೆಕ್ಕಲಕೋಟೆ ದಾಟಿ ಬಳ್ಳಾರಿಗೆ ಬಂದೆವು. ಮೇಸ್ತ್ರಿ ಮುಂದಿನ ಸೀಟಿನಲ್ಲಿ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಭಾನುವಾರ ಬೆಳಿಗ್ಗೆ ಕುರುಗೋಡಿಗೆ ಹೋದೆ. ಮೇಸ್ತ್ರಿ ಮನೆಯ ಮುಂದಿನ ಬೇವಿನ ಕೆಳಗೆ ಯಾರದೋ ಬಾಗಿಲ ಚೌಕಟ್ಟಿಗೆ ಕೀಸುಳಿ ಹೊಡೆಯುತ್ತಿದ್ದ. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ತಪ್ಪು ನಂದು ಮೇಸ್ತ್ರಿ. ಧಣಿಗೆ ಹೇಳ್ತೀನಿ."

"ಉಪ್ಪು ನಾನೂ ಸುರುವೀನಿ, ನೀನೊಬ್ಬಾಕೀನ ಅಲ್ಲ."

"ಸಿಟ್ಟು ಬಂದೈತಿ ನಿಮಗ."

ಕೀಸುಳಿ ನಿಂತಿತು. "ಬಂದೈತಿ. ಯಾಕ ಬಂದೈತಿ ಗೊತ್ತೇನು? ನಿನ್ನ ಲೆಕ್ಕ ತಪ್ಪಾಗಿದ್ರ ನಾ ಸುಮ್ಮನಿರತಿದ್ದೆ. ನನ್ನ ಕೈಯಾಗಿನ ಉಳಿನೂ ಒಮ್ಮೊಮ್ಮೆ ತಪ್ತತಿ. ನಿನ್ನ ಲೆಕ್ಕ ಸರಿ ಇತ್ತು. ಬುಕ್ಕಿನ್ಯಾಗ ಬರದಿದ್ದಿ. ಹದಿನೈದು ವರ್ಷ ಸಾಲಿ ಓದಿ ಒಂದು ಮೊಟ್ಟಿಗಿ ಸೋತ್ಯಲ್ಲವಾ. ನಿಮ್ಮವ್ವ ತೂರಿದ್ದು ಗಾಳಿ, ಆಕಿಗಿ ಗೊತ್ತಿರೂದು. ಆಕಿ ಸಮುದ್ರ ಯಾವಾಗ ತೂರ್ಯಾಳ?"

ನನಗೆ ಅಳು ಬಂತು. ಅವನ ಹೆಂಡತಿ ಗಂಗಮ್ಮ ಒಳಗಿನಿಂದ ಮಂಡಕ್ಕಿ ಒಗ್ಗರಣೆ ತಂದಿಟ್ಟು "ಆತು ಬಿಡ್ರಿ, ತಿನ್ನಾಕ ಬಿಡ್ರಿ ಆಕೀನ" ಅಂದಳು. ಮೇಸ್ತ್ರಿ ಬಟ್ಟಲು ನನ್ನ ಕಡೆ ಸರಿಸಿ, "ಈಗ ಆ ನೀರು ಎಷ್ಟು ಭಾರ ಐತಂತ ಹೆಂಗ ಗೊತ್ತು ಮಾಡ್ತಿ?" ಅಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

ನಾನು ತಿನ್ನುತ್ತಾ ಯೋಚಿಸಿದೆ. ಉತ್ತರ ಎಷ್ಟು ಸುಲಭ ಇತ್ತೆಂದರೆ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಒಂದು ಸೀಸೆಯ ತುಂಬ ತೊಟ್ಟಿಯ ನೀರು ತೂಗಬೇಕು. ಅದೇ ಸೀಸೆಯ ತುಂಬ ಕುಡಿಯುವ ನೀರು ತೂಗಬೇಕು. ಎರಡಕ್ಕೂ ಇರುವ ವ್ಯತ್ಯಾಸ ಎಷ್ಟು, ಪುಸ್ತಕದಲ್ಲಿ ಸಮುದ್ರಕ್ಕೆ ಕೊಟ್ಟದ್ದು ಎಷ್ಟು, ಮುಗಿಯಿತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಹೊಸಬರು ಇದೊಂದನ್ನು ನೆನಪಿಡಿ. ಅನುಮಾನ ಬಂದಾಗ ತೂಗಿ ನೋಡಿ. ಸುತ್ತಲಿನವರ ಮುಖ ನೋಡಬೇಡಿ.

ಅವತ್ತೇ ಇಬ್ಬರೂ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋಗಿ ಸೀಸೆ ತುಂಬಿಕೊಂಡು ಬಂದೆವು. ಕುರುಗೋಡಿನಲ್ಲಿ ಮೇಸ್ತ್ರಿಯ ಷಡ್ಡಕ ಅಕ್ಕಸಾಲಿಗ. ಅವನ ತಕ್ಕಡಿಯಲ್ಲಿ ತೂಗಿದೆವು. "ಬಂಗಾರ ತೂಗೋ ತಕ್ಕಡ್ಯಾಗ ನೀರು ತೂಗ್ತೀರಲ್ಲೋ" ಅಂತ ಅವನು ಬೈದುಕೊಂಡ. ಕುಡಿಯುವ ನೀರಿಗಿಂತ ಮೊಟ್ಟೆಯ ನೀರು ನೂರಕ್ಕೆ ಎಂಟರಷ್ಟು ಭಾರ ಇತ್ತು. ಸಮುದ್ರದ್ದು ಎರಡೂವರೆ. ಆರು ಕೇಜಿಯ ದೋಣಿಯಿಂದ ಮುನ್ನೂರು ಗ್ರಾಮಿನಷ್ಟು ಸೀಸ ತೆಗೆಯಬೇಕು.

ಸೋಮವಾರ, ಹಂಪಿ ನೋಡಿ ಬಂದ ದಾರಾ ಸಾಹೇಬರು ಇಳಿದುಕೊಂಡಿದ್ದ ಲಾಡ್ಜಿಗೆ ಹೋದೆ. ಧಣಿ ಆಗಲೇ ಅಲ್ಲಿದ್ದರು. ಮೇಸ್ತ್ರಿಯ ಕೈಯಿಂದ ದೋಣಿ ತೆಗೆದುಕೊಂಡು ಬೇರೆಯವರಿಂದ ಸರಿ ಮಾಡಿಸುತ್ತೇನೆ, ಒಂದು ಅವಕಾಶ ಕೊಡಿ ಎಂದು ಕೇಳುತ್ತಿದ್ದರು. ನಾನು ನೋಟ್‌ಬುಕ್ಕು ಬಿಚ್ಚಿ ಮೇಜಿನ ಮೇಲಿಟ್ಟೆ. ಮೊದಲ ಲೆಕ್ಕ ತೋರಿಸಿದೆ, ಆಮೇಲೆ ಸುರಿದ ಎರಡು ಚೀಲದ ಕಥೆ ಹೇಳಿದೆ, ಮೊಟ್ಟೆಯನ್ನೂ ಹೇಳಿದೆ. "ಮೇಸ್ತ್ರಿ ನಾನು ಹೇಳಿದ ತೂಕ ಎರೆದಾನ. ಆ ತೂಕ ಹೇಳಿದಾಕಿ ನಾನು."

ಧಣಿಯ ಮುಖ ಕೆಂಪಾಯಿತು. "ಶನಿವಾರ ಯಾಕ ಬಾಯಿ ಬಿಡಲಿಲ್ಲಮ್ಮಾ?"

"ನಾಚಿಕಿ ಆತ್ರಿ."

ದಾರಾ ಸಾಹೇಬರು ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ತಂದು ಓದಿದರು. ಅವರಿಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಲೆಕ್ಕಕ್ಕಿಂತ ಮೊಟ್ಟೆ. ಉಪ್ಪು ನೀರಲ್ಲಿ ಬೀಜ ಆರಿಸುವುದನ್ನು ಎರಡು ಸಲ ಹೇಳಿಸಿದರು, ಜೊಳ್ಳು ಯಾಕೆ ತೇಲುತ್ತದೆ ಅಂತ ಕೇಳಿದರು. ಕೊನೆಗೆ, ಎಷ್ಟು ಸೀಸ ತೆಗೆಯುತ್ತೀರಿ ಎಂದರು. ಹೇಳಿದೆ. ಯಾರು ತೆಗೆಯುತ್ತಾರೆ ಎಂದರು. "ಮೌನಪ್ಪ ಮೇಸ್ತ್ರಿ" ಅಂದೆ, ಧಣಿಯ ಕಡೆ ನೋಡದೆ. ಅವರು ರೈಲಿನ ಟಿಕೆಟನ್ನು ಮೂರು ದಿನ ಮುಂದಕ್ಕೆ ಹಾಕಿಸಿಕೊಂಡರು.

ಮೇಸ್ತ್ರಿ ದೋಣಿಯನ್ನು ಮಗುವಿನ ಹಾಗೆ ಬೋರಲು ಮಲಗಿಸಿ, ಅಡಿಯಿಂದ ಕೈಡ್ರಿಲ್ಲಿನಲ್ಲಿ ಸಾಲಾಗಿ ತೂತು ಕೊರೆದ. ಬಿದ್ದ ಸೀಸದ ಚೂರನ್ನೆಲ್ಲ ಕಾಗದದಲ್ಲಿ ಕೂಡಿಸಿ ತೂಗುತ್ತಾ ಹೋದೆವು. ತೂಕ ಮುಟ್ಟಿದ ಮೇಲೆ ತೂತುಗಳಿಗೆ ಸಾಗವಾನಿ ಬೆಣೆ ಬಡಿದು, ತಿಕ್ಕಿ, ಬಣ್ಣ ಹಚ್ಚಿದ. ಎಲ್ಲಿ ಕೊರೆದದ್ದು ಅಂತ ಆಮೇಲೆ ನನಗೂ ಹುಡುಕಲಾಗಲಿಲ್ಲ. ತೊಟ್ಟಿಯ ಹಳೆಯ ನೀರನ್ನು ಕಾಲುವೆಗೆ ಬಿಡಬಾರದೆಂದು ಮಿಲ್ಲಿನವರು ಹೇಳಿದ್ದರಿಂದ ಹೊಟ್ಟಿನ ಬೂದಿಯ ಗುಡ್ಡೆಗೆ ಕೊಡದಲ್ಲಿ ಹೊತ್ತು ಹಾಕಿದೆವು. ಹೊಸ ನೀರು ತುಂಬಿಸಿ, ನನ್ನ ಮೊದಲ ಲೆಕ್ಕದಷ್ಟೇ ಉಪ್ಪು ಹಾಕಿ, ಸೀಸೆಯಲ್ಲಿ ತುಂಬಿ ತೂಗಿದೆ. ಸರಿ ಇತ್ತು. ಅವ್ವ ಬಂದು ಮತ್ತೆ ಮೊಟ್ಟೆ ಬಿಟ್ಟಳು. ಮುಳುಗಿತು. ಈ ಸಲ ಅವಳು ನಗಲಿಲ್ಲ. "ಹಂಗಾರ ಸಮುದ್ರ ನಾ ತಿಳಿದಷ್ಟು ಉಪ್ಪಿಲ್ಲ ಬಿಡು" ಅಂದಳು, ಒಂದು ಸಾಮಾನು ಕಡಿಮೆ ಬೆಲೆಗೆ ಸಿಕ್ಕಿದ ಹಾಗೆ.

ಗುರುವಾರ ದಾರಾ ಸಾಹೇಬರು ಬಂದರು. ಮೊದಲು ದೋಣಿ ನೋಡಲಿಲ್ಲ, ಬೆರಳದ್ದಿ ನೀರು ನೆಕ್ಕಿದರು. ಕಣ್ಣು ಮುಚ್ಚಿದರು. ನಾನು ಆ ಮುಖವನ್ನು ನೋಡಿದ ಹಾಗೆ ನನ್ನ ಪರೀಕ್ಷೆಯ ಫಲಿತಾಂಶದ ಹಲಗೆಯನ್ನೂ ನೋಡಿರಲಿಲ್ಲ. ಅವರು ಮೇಸ್ತ್ರಿಗೆ ಕೈಸನ್ನೆ ಮಾಡಿದರು. ಮೇಸ್ತ್ರಿ ದೋಣಿ ಇಳಿಸಿದ. ಅದು ಒಂದೆರಡು ಸಲ ತೂಗಿ ನಿಂತಿತು. ಮೊಟ್ಟೆ ತೊಟ್ಟಿಯ ತಳದಲ್ಲಿತ್ತು, ದೋಣಿ ಕೆಂಪು ಗೆರೆಯ ಮೇಲಿತ್ತು.

ಸಾಹೇಬರು ಧಣಿಯ ಕಡೆ ಅಂಗೈ ಚಾಚಿದರು. ಧಣಿ ಜೇಬಿನಿಂದ ಫಲಕ ತೆಗೆದುಕೊಟ್ಟರು. ಅದನ್ನು ಸಾಹೇಬರು ಎರಡು ಸಣ್ಣ ಸ್ಕ್ರೂಗಳ ಜೊತೆ ಮೇಸ್ತ್ರಿಯ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಕೆತ್ತಿದ್ದರು. ಮೇಸ್ತ್ರಿ ಅದನ್ನು ನನ್ನ ಮುಂದೆ ಹಿಡಿದ.

"ನಂದು ಯಾವ್ದು ತೋರ್ಸು."

ತೋರಿಸಿದೆ. ಹೆಬ್ಬೆರಳಿಂದ ಆ ಸಾಲನ್ನು ಸವರಿದ. ಆಮೇಲೆ ದೋಣಿಯನ್ನು ಮೇಲೆತ್ತಿ, ಒರೆಸಿ, ಹಿಂಬದಿಯ ಹಲಗೆಯ ಮೇಲೆ ಫಲಕ ಇಟ್ಟು ಸ್ಕ್ರೂ ತಿರುಗಿಸಿದ. ಎರಡನೆಯದನ್ನು ತಿರುಗಿಸಿ ಮುಗಿಸಿದವನು ಧಣಿಗೆ ಕೇಳುವ ಹಾಗೆ ಹೇಳಿದ.

"ಶನಿವಾರ ಹೆಸರಿಲ್ಲದ ಬೈಸ್ಕೊಂಡೆ ರಿ. ಇನ್ನ ಇದು ಮುಳುಗಿದ್ರ ಹೆಸರು ಹಿಡಿದು ಬೈರಿ."